ಪರದೆಯ ಮೂಲೆಯ ಕೆಂಪು ಚುಕ್ಕೆ

ಮಾರ್ಚ್ 3, ಶುಕ್ರವಾರ

ಇವತ್ತೂ ಬೀಟ್‌ರೂಟ್ ಸಾರು. ಈಸ್ಟರ್ ಮುಂಚಿನ ಉಪವಾಸ — ಮಾಂಸ ಇಲ್ಲ, ಬೆಣ್ಣೆ ಇಲ್ಲ. ಓಲ್ಗಾ ಉಪ್ಪನ್ನೂ ಬಿಟ್ಟಿದ್ದಾಳೆ. ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಬೇಯಿಸಿ ಹಾಕುವವಳು ಇವಳೇ. ಪಾಪ ಆ ಮಕ್ಕಳು. ನನ್ನ ಮಗಳೇ, ಆದರೂ ಹೇಳಬೇಕಾದ್ದು ಹೇಳಬೇಕು.

ತಟ್ಟೆ ತೊಳೆದು, ಹಬ್ಬಕ್ಕೆ ಬರೆಯುವ ಮೊಟ್ಟೆ ಆರಿಸಲು ಕೂತೆ. ಪಕ್ಕದ ಮನೆ ಸ್ಟೆಫ್ಕಾ ಕೊಟ್ಟದ್ದು. ಅವಳ ಮಾತು ಒರಟು, ಅವಳ ಕೋಳಿಯ ಮೊಟ್ಟೆ ನಯ. ಮೇಣದಲ್ಲಿ ಗೆರೆ ಬರೆದು ಬಣ್ಣಕ್ಕೆ ಅದ್ದುವುದಕ್ಕೆ ನಯ ಬೇಕು. ಕಿಟಕಿಗೆ ಹಿಡಿದು ಬಿರುಕು ಇದೆಯೋ ಅಂತ ನೋಡಿದೆ. ಬಿರುಕು ಹಾಗಿರಲಿ, ಮೊಟ್ಟೆಯ ನಡುವೇ ಕಾಣಲಿಲ್ಲ. ಸುತ್ತ ಅಂಚಿದೆ. ನಡುವೆ ಹೊಗೆ.

ಹಿಮ ಬೀಳುವ ಮುಂಚೆ, ಸುಗ್ಗಿ ಹೊತ್ತಿಗೆ ಶುರುವಾದದ್ದು. ಮೊದಲು ಪಾದ್ರಿಯ ಮೂಗು ಹೋಯಿತು — ಕಿವಿ ಎರಡೂ ಇವೆ, ಗಡ್ಡ ಇದೆ, ಮಧ್ಯೆ ಏನೂ ಇಲ್ಲ. ನಷ್ಟವೇನೂ ಅನಿಸಲಿಲ್ಲ. ಆಮೇಲೆ ಗಡಿಯಾರದ ಮುಳ್ಳು. ಆಮೇಲೆ ರಸ್ತೆಯ ನಡುಗೆರೆ. ಅವತ್ತಿನಿಂದ ಕಾರು ಮುಟ್ಟಿಲ್ಲ. ಮೊಣಕಾಲು ನೋವು ಅಂದಿದ್ದೇನೆ. ಮೊಣಕಾಲು ಒಳ್ಳೆಯದು, ಯಾವ ಸುಳ್ಳಿಗೂ ಒಪ್ಪುತ್ತದೆ.

ಓಲ್ಗಾಗೆ ಹೇಳಿಲ್ಲ. ಹೇಳಿದರೆ ಆಸ್ಪತ್ರೆ. ಸ್ಟೆಫ್ಕಾಳ ಅಣ್ಣನಿಗೂ ಹೀಗೇ ಆಗಿ ಕಣ್ಣಿನೊಳಗೇ ಸೂಜಿ ಚುಚ್ಚಿದರು. ಆಮೇಲೆ ಅವನು ಕೋಟು ತಗುಲಿಸುವ ಗೂಟಕ್ಕೆ ನಮಸ್ಕಾರ ಹೇಳುತ್ತಿದ್ದ.

ಅದಕ್ಕಿಂತ ದೊಡ್ಡ ಕಾರಣ ಇದೆ. ಏಪ್ರಿಲ್‌ನಲ್ಲಿ ಲಾರಿಸಾಗೆ — ಓಲ್ಗಾಳ ಮಗಳಿಗೆ — ಕೂಸು. ನಮ್ಮಲ್ಲಿ ಹುಟ್ಟುವ ಪ್ರತಿ ಕೂಸಿಗೂ ಒಂದು ಬರೆದ ಮೊಟ್ಟೆ, ತೊಟ್ಟಿಲ ತಲೆದೆಸೆಗೆ. ನನ್ನ ಅಮ್ಮ ಕಡಲಾಚೆಯ ಹಳೇ ದೇಶದಿಂದ ಕೈಯಲ್ಲೇ ತಂದ ಬರಹ. ಸುತ್ತ ಒಂದೇ ಅಲೆ ಗೆರೆ, ಅಲೆಯ ಹೊಟ್ಟೆಯಲ್ಲಿ ಕೋಳಿ ಕಾಲು. ಅಮ್ಮನ ನಂತರ ನನಗೆ ಬರುತ್ತದೆ. ನನ್ನ ನಂತರ ಯಾರಿಗೂ ಬರುವುದಿಲ್ಲ. ಕಣ್ಣು ಹೋಗಿದೆ ಅಂತ ಗೊತ್ತಾದರೆ ಓಲ್ಗಾ ಮೇಣ ಕಾಸುವ ಬತ್ತಿಯ ಹತ್ತಿರ ಕೂರಲೂ ಬಿಡುವುದಿಲ್ಲ. ಈ ಮೊಟ್ಟೆ ಮುಗಿಯಲಿ. ಆಮೇಲೆ ಏನು ಬೇಕಾದರೂ ಚುಚ್ಚಲಿ.

ದಪ್ಪ ಕಪ್ಪು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಂಬಳಕಾಯಿ ಗಾತ್ರ. ಪುಟಕ್ಕೆ ನಾಲ್ಕು ಸಾಲು ಹಿಡಿದರೆ ಪುಣ್ಯ.

ಮಾರ್ಚ್ 5, ಭಾನುವಾರ

ಹೊಟ್ಟೆ ಮೊದಲು ಬಂತು, ಆಮೇಲೆ ಲಾರಿಸಾ.

ಸ್ಯಾಸ್ಕಟೂನ್ ಪಟ್ಟಣದಿಂದ ಒಬ್ಬಳೇ ಕಾರು ಓಡಿಸಿಕೊಂಡು ಬಂದಿದ್ದಾಳೆ. ಮದುವೆ ಫೋಟೋ ತೆಗೆಯುವುದು ಅವಳ ಕೆಲಸ. ಬೇರೆಯವರ ಮದುವೆಯನ್ನು ಅಷ್ಟು ಹತ್ತಿರದಿಂದ ನೋಡಿಯೂ ಆ ಗಂಡನ್ನು ಕಟ್ಟಿಕೊಂಡಳು. ಇರಲಿ. ಚೀಲದಿಂದ ಕಪ್ಪು ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟಳು.

"ನಾನು ಹೊಸದು ತಗೊಂಡೆ. ಹಳೇದು ನಿನಗೆ ಅಜ್ಜಿ."

"ನನಗ್ಯಾಕೇ? ನಾನೇನು ಮದುವೆ ಮನೇಲಿ ಬಗ್ಗಿ ಬಗ್ಗಿ ಓಡಾಡ್ಲಾ?"

"ನಿನ್ನ ಮೊಟ್ಟೆಗಳ ಫೋಟೋ ತೆಗಿ. ಚರ್ಚಿನ ಕ್ಯಾಲೆಂಡರಿಗೆ ಹಾಕೋಣ. ಆಲೂಗಡ್ಡೆ ಕಡುಬು ಮಾರೋಕೆ ಬರೋರೆಲ್ಲ ಆ ಕ್ಯಾಲೆಂಡರೂ ಮಾರ್ತಾರಲ್ಲ."

ತೂತಿಗೆ ಕಣ್ಣಿಟ್ಟೆ. ಹೊಗೆ. ಕನ್ನಡಕ ತಾಗುತ್ತೆ ಅಂದೆ.

"ತೂತಿಗೆ ಕಣ್ಣಿಡೋದೇ ಬೇಡ. ಲೈವ್ ವ್ಯೂ ಇದೆ, ನೋಡು."

ತೂತಿನ ಪಕ್ಕದ ಗುಂಡಿ ಒತ್ತಿದಳು. ಒಳಗೆ ಏನೋ ಟಕ್ ಅಂತು. ಹಿಂದಿನ ಪರದೆ ಬೆಳಗಿತು. "ಲೆನ್ಸ್ ನೋಡ್ತಿರೋದೆಲ್ಲ ಆವಾಗಿಂದಾವಾಗ ಇಲ್ಲೇ ಕಾಣುತ್ತೆ. ಭೂತಗನ್ನಡಿ ಗುರುತಿನ ಗುಂಡಿ ಒತ್ತಿದ್ರೆ ದೊಡ್ಡದಾಗುತ್ತೆ. ಈ ಲೆನ್ಸಿನ ಬಳೆ ತಿರುಗಿಸಿದ್ರೆ ಫೋಕಸ್ಸು."

ಮೇಜುಬಟ್ಟೆಯ ಕಸೂತಿ ತೋರಿಸಿದಳು. ಒಂದೊಂದು ಹೊಲಿಗೆ ಬಾವಿ ಹಗ್ಗದಷ್ಟು ದಪ್ಪ. ಕಂಡಿತು. ಹೊಗೆ ಅಲ್ಲೇ ಇತ್ತು, ಆದರೆ ಹೊಲಿಗೆ ಹೊಗೆಗಿಂತ ದೊಡ್ಡದಾಗಿತ್ತು. ಪಕ್ಕಕ್ಕೆ ತಲೆ ವಾಲಿಸಿದರೆ ಎಳೆ ಎಳೆ. ಎಂಥ ಕೆಟ್ಟ ಹೊಲಿಗೆ ಅಂತಲೂ ಕಂಡಿತು. ಅದು ಸ್ಟೆಫ್ಕಾ ಹೊಲಿದದ್ದು.

"ಹೇಗಿದೆ ಅಜ್ಜಿ?"

"ಪರವಾಗಿಲ್ಲ," ಅಂದೆ. ಓಲ್ಗಾಳ ಸಾರಿಗೂ ಹಾಗೇ ಅನ್ನುತ್ತೇನೆ.

ಮದುವೆಯ ಉಂಗುರಗಳನ್ನು ಹತ್ತಿರದಿಂದ ತೆಗೆಯುವ ಲೆನ್ಸನ್ನೂ ಬಿಟ್ಟುಹೋದಳು. ಮೂರು ಕಾಲಿನ ಸ್ಟ್ಯಾಂಡನ್ನೂ. ಹೋಗುವಾಗ ಬಾಗಿಲಲ್ಲಿ ನಿಂತು, "ಲೈವ್ ವ್ಯೂ ಜಾಸ್ತಿ ಹೊತ್ತು ಹಚ್ಚಿಟ್ರೆ ಬ್ಯಾಟರಿ ತಿನ್ನುತ್ತೆ. ಬಿಸೀನೂ ಆಗುತ್ತೆ. ಮೂಲೇಲಿ ಕೆಂಪಗೆ ಏನಾದ್ರೂ ಬಂದ್ರೆ ಆರಿಸಿಬಿಡು."

"ಜ್ವರ ಬರುತ್ತಾ ಅದಕ್ಕೆ?"

"ಹೂಂ, ಜ್ವರ ಅಂತಲೇ ಇಟ್ಕೋ."

ಇನ್ನು ಹೆರಿಗೆ ಆಗುವ ತನಕ ಅವಳು ಪ್ರಯಾಣ ಮಾಡುವ ಹಾಗಿಲ್ಲವಂತೆ. ಡಾಕ್ಟರ್ ಹೇಳಿದ್ದು.

ಮಾರ್ಚ್ 8, ಬುಧವಾರ. ಓಲ್ಗಾ ಕೆಲಸಕ್ಕೆ ಹೋದ ಮೇಲೆ

ಸ್ಟ್ಯಾಂಡ್ ಮೇಜಿನ ಮೇಲೆ. ಕ್ಯಾಮೆರಾ ಕೆಳಮುಖ, ನೀರಿಗೆ ಬಗ್ಗಿದ ಹಸುವಿನ ಹಾಗೆ. ಕೆಳಗೆ ಮೊಟ್ಟೆ. ಪಕ್ಕಕ್ಕೆ ಬತ್ತಿ, ಜೇನುಮೇಣ, ಮೇಣದ ಕಡ್ಡಿ. ಕಡ್ಡಿಯ ತುದಿಗೆ ಹಿತ್ತಾಳೆಯ ಪುಟ್ಟ ಮೂತಿ — ಬತ್ತಿಗೆ ಕಾಸಿ, ಮೇಣ ತುಂಬಿ, ಬರೆಯುವುದು. ನಾನು ಪರದೆಯ ಮೇಲೆ ಬಗ್ಗಿ ಕೂತೆ.

ಕೈ ಹಾಕಿದೆ. ಪರದೆಯಲ್ಲಿ ಮೇಲಿಂದ ಒಂದು ಕೈ ಇಳಿಯಿತು. ನನ್ನದೇ. ಬಲಕ್ಕೆ ಸರಿಸಿದರೆ ಎಡಕ್ಕೆ ಹೋಯಿತು. ಹತ್ತಿರ ಎಳೆದರೆ ದೂರ ಹೋಯಿತು. ಲಾರಿಸಾ ಸಣ್ಣವಳಿದ್ದಾಗ ಹೀಗೇ ಇದ್ದಳು. ಒಂದು ಮೊಟ್ಟೆ ಒಡೆದು ಮೇಜೆಲ್ಲ ಲೋಳೆ ಆದ ಮೇಲೆ ತಿಳಿಯಿತು, ಕ್ಯಾಮೆರಾದ ತಲೆ ನನ್ನ ಕಡೆಗಿದೆ. ತಿರುಗಿಸಿ ಕೂರಿಸಿದೆ. ಈಗ ಕೈ ಮರ್ಯಾದೆಯಾಗಿ ಕೆಳಗಿನಿಂದ ಬಂತು.

ಭೂತಗನ್ನಡಿ ಗುಂಡಿ ಎರಡು ಸಲ ಒತ್ತಿದೆ. ಅಯ್ಯಪ್ಪ. ಕೈ ನಡುಗುವುದು ಭೂಮಿ ನಡುಗಿದ ಹಾಗೆ. ಉಗುರಿನ ಸಂದಿಯ ಬೀಟ್‌ರೂಟ್ ಬಣ್ಣವೂ ಕಂಡಿತು. ಮನುಷ್ಯರು ತಮ್ಮ ಕೈಯನ್ನು ಅಷ್ಟು ಹತ್ತಿರದಿಂದ ನೋಡಬಾರದು. ಒಂದು ಸಲ ಒತ್ತಿದರೆ ಸಾಕು.

ಇನ್ನೊಂದು ತೊಂದರೆ. ಮೊಟ್ಟೆ ಗುಂಡಗೆ. ಒಂದು ಕಡೆ ಸ್ಪಷ್ಟ ಇದ್ದರೆ ಅದರಾಚೆ ಮಂಜು. ಬಳೆ ತಿರುಗಿಸಿ ಮಂಜು ಬಿಡಿಸಿದರೆ ಈಚೆ ಮಂಜು. ಆಮೇಲೆ ಅಮ್ಮ ಹೇಳುತ್ತಿದ್ದದ್ದು ನೆನಪಾಯಿತು — ಕೈ ಓಡಬಾರದು, ಮೊಟ್ಟೆ ಓಡಬೇಕು. ಕಡ್ಡಿ ಒಂದೇ ಕಡೆ ನಿಲ್ಲಿಸಿ ಮೊಟ್ಟೆ ತಿರುಗಿಸಿದೆ. ಸ್ಪಷ್ಟ ಇದ್ದ ಜಾಗ ಸ್ಪಷ್ಟವಾಗೇ ಉಳಿಯಿತು. ಪರದೆ ಕೈಗಿಂತ ಒಂದು ಉಸಿರು ಹಿಂದೆ ಬರುತ್ತದೆ, ಅಷ್ಟೇ. ನಾನೂ ನಿಧಾನ. ಹೊಂದಿಕೆಯಾಯಿತು.

ಗೆರೆ ಎಳೆದೆ. ಸೊಟ್ಟ. ಆದರೆ ಗೆರೆ.

ಮಾರ್ಚ್ 16, ಗುರುವಾರ

ಸ್ಟೆಫ್ಕಾ ಬಂದಿದ್ದಳು. ಚರ್ಚಿನ ಹಾಲ್‌ನಲ್ಲಿ ಹೆಂಗಸರೆಲ್ಲ ಕೂತು ಮೊಟ್ಟೆ ಬರೆಯುತ್ತಾರೆ, ನಾನು ಈ ವರ್ಷ ಒಂದು ದಿನವೂ ಹೋಗಿಲ್ಲ. ಅದಕ್ಕೆ ಪತ್ತೇದಾರಿಕೆ. ಬಾಗಿಲಲ್ಲಿ ಮಾತಾಡದೆ ನಿಂತಳು. ಮುಖ ಕಾಣಲಿಲ್ಲ, ಪೆಟ್ಟಿಗೆಯ ನುಸಿಗುಳಿಗೆ ವಾಸನೆ ಬಂತು.

"ಒಳಗೆ ಬಾರೇ ಸ್ಟೆಫ್ಕಾ, ಚಳಿ ನುಗ್ತಿದೆ."

"ಮೊಣಕಾಲು ಹೇಗಿದೆ?"

"ಇದೆ."

ಕ್ಯಾಮೆರಾ ನೋಡಿದಳು. ಲಾರಿಸಾ ಕೊಟ್ಟದ್ದು, ಕ್ಯಾಲೆಂಡರಿಗೆ ಅಂದೆ. ನಾನು ಅಭ್ಯಾಸಕ್ಕೆ ಬರೆದ ಮೊಟ್ಟೆ ಎತ್ತಿಕೊಂಡಳು. ಸುಮ್ಮನೆ ತಿರುಗಿಸಿದಳು. ಸುಮ್ಮನಿರುವುದು ಅವಳ ಗುಣವಲ್ಲ.

"ಪರಾಸ್ಕಾ, ಈ ವರ್ಷ ನಿನ್ನ ಹೂವಿಗೆಲ್ಲ ಕಾಮಾಲೆ ಬಂದಿದೆಯಲ್ಲೇ?"

ಹೂವು ಬಿಳಿ ಇರಬೇಕು. ಬಿಳಿ ಇರುವಾಗಲೇ ಮೇಣ ಮುಚ್ಚಿ, ಆಮೇಲೆ ಹಳದಿ ನೀರಿಗೆ ಅದ್ದುವುದು. ಊರಿನ ಚಿಕ್ಕ ಹುಡುಗಿಗೂ ಗೊತ್ತು. ನಾನು ಅದ್ದಿದ ಮೇಲೆ ಬರೆದಿದ್ದೆ. ಪರದೆಯಲ್ಲಿ ಮೊಟ್ಟೆ ಬಿಳಿಯಾಗೇ ಕಂಡಿತು, ಬಣ್ಣ ಹಿಡಿದಿಲ್ಲ ಅಂದುಕೊಂಡೆ. ಕಣ್ಣು ಹಳದಿ ಅಂತು, ಪರದೆ ಬಿಳಿ ಅಂತು. ಪರದೆಯನ್ನು ನಂಬಿದೆ.

"ಹೊಸ ಮಾದರಿ," ಅಂದೆ.

"ಹೊಸ ಮಾದರಿ," ಅಂದಳು ಅವಳೂ. ಗಸಗಸೆ ರೊಟ್ಟಿ ಇಟ್ಟು ಹೋದಳು. ಚೂರು ಒಣಕಲು.

ಲಾರಿಸಾಗೆ ಫೋನ್ ಮಾಡಿ ಕೇಳಿದೆ, ಫೋಟೋ ವಿಷಯ ಅನ್ನುವ ಹಾಗೆ. ಕ್ಯಾಮೆರಾ ಬಿಳಿ ಯಾವುದು ಅಂತ ತಾನೇ ಊಹೆ ಮಾಡುತ್ತದಂತೆ. ಬಲ್ಬಿನ ಬೆಳಕು ಹಳದಿ ಇದೆ ಅಂದುಕೊಂಡು ಹಳದಿಯನ್ನೆಲ್ಲ ತೆಗೆದು ತೋರಿಸುತ್ತದಂತೆ. ಊಹೆ ಮಾಡುವುದಕ್ಕೆ ಸ್ಟೆಫ್ಕಾ ಒಬ್ಬಳು ಸಾಲದೆ?

ಇನ್ನು ಬಣ್ಣಕ್ಕೆ ಪರದೆ ಇಲ್ಲ. ಗೆರೆಗೆ ಮಾತ್ರ. ಬಣ್ಣದ ಬಾಟಲಿಗಳನ್ನು ಎಡದಿಂದ ಬಲಕ್ಕೆ ಸಾಲಾಗಿಟ್ಟೆ. ಹಳದಿ, ಕೆಂಪು, ಕಪ್ಪು. ಕಪ್ಪಿಗೆ ಹೋದ ಮೇಲೆ ವಾಪಸ್ ಬರುವುದಿಲ್ಲ.

ಮಾರ್ಚ್ 20, ಸೋಮವಾರ

ಕ್ಯಾಮೆರಾಕ್ಕೆ ಬೆಳಿಗ್ಗೆಯಿಂದ ಏನೋ ಆಗಿದೆ. ನಿನ್ನೆ ಗುಂಡಿಯ ಸುತ್ತ ಮೇಣ ಸಿಡಿದಿತ್ತು, ಬಟ್ಟೆಯಲ್ಲಿ ಉಜ್ಜಿ ಒರೆಸಿದ್ದೆ. ಇವತ್ತು ಹಚ್ಚಿದ ಕೂಡಲೇ ಪರದೆ ತಾನಾಗಿ ಬೆಳಗಿತು. ಆದರೂ ರೂಢಿಯಂತೆ ಗುಂಡಿ ಒತ್ತಿದೆ. ಮೂಲೆಯಲ್ಲಿ ಕೆಂಪು ಚುಕ್ಕೆ. ಮೂಲೆಗಳು ನನಗೆ ಚೆನ್ನಾಗಿ ಕಾಣುತ್ತವೆ, ನಡುವಿನದೇ ತಕರಾರು.

ಜ್ವರ ಬಂತಲ್ಲ ಅಂತ ಆರಿಸಿದೆ. ಮುಟ್ಟಿ ನೋಡಿದರೆ ತಣ್ಣಗಿದೆ. ಮತ್ತೆ ಹಚ್ಚಿ ಗುಂಡಿ ಒತ್ತಿದೆ, ಮತ್ತೆ ಚುಕ್ಕೆ. ಈ ಸಲ ಆರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಚುಕ್ಕೆ ತಾನೇ ಹೋಯಿತು. ಮೈಬೆಚ್ಚಗಾದ ಕೂಡಲೇ ಮಲಗಬಾರದು, ಕೆಲಸ ಮಾಡಿದರೆ ಇಳಿಯುತ್ತದೆ ಅಂತ ನಾನು ಯಾವತ್ತೂ ಹೇಳುವುದು.

ಭೂತಗನ್ನಡಿ ಗುಂಡಿಯೂ ಮುನಿಸಿಕೊಂಡಿದೆ. ಚುಕ್ಕೆ ಇರುವಾಗ ಒತ್ತಿದರೆ ಏನೂ ಆಗುವುದಿಲ್ಲ. ಪರವಾಗಿಲ್ಲ, ಉಂಗುರದ ಲೆನ್ಸ್ ಹತ್ತಿರಕ್ಕೆ ಇಳಿಸಿದರೆ ಅದೇ ಸಾಕಷ್ಟು ದೊಡ್ಡದು ತೋರಿಸುತ್ತದೆ. ಲಾರಿಸಾಗೆ ಕೇಳಲಿಲ್ಲ. ಪದೇ ಪದೇ ಕೇಳಿದರೆ, ಫೋಟೋ ಎಲ್ಲಿ ಅಂತ ಅವಳು ಕೇಳುತ್ತಾಳೆ.

ಮಾರ್ಚ್ 24, ಶುಕ್ರವಾರ

ಕೂಸಿನ ಮೊಟ್ಟೆ ಬರೆದೆ.

ಮೊದಲು ಅಲೆ ಗೆರೆ, ಮೊಟ್ಟೆಯ ಹೊಟ್ಟೆ ಸುತ್ತ. ಏರು, ಇಳಿ, ಏರು, ಇಳಿ. ಒಂದೊಂದು ಅಲೆಗೂ ಬಳೆ ತಿರುಗಿಸಿ ಫೋಕಸ್. ಒಂದು ಕಡೆ ಮೇಣ ದಪ್ಪವಾಯಿತು, ಬಿಟ್ಟೆ. ಅಮ್ಮನ ಮೊಟ್ಟೆಯಲ್ಲೂ ಅಂಥದ್ದೊಂದು ಇರುತ್ತಿತ್ತು. ಒಂದೊಂದು ಅಲೆ ಮುಗಿದ ಹಾಗೆ ಅದರ ಹೊಟ್ಟೆಗೆ ಕೋಳಿ ಕಾಲು. ಮಧ್ಯದ ಬೆರಳು ಮೊದಲು, ಆಮೇಲೆ ಎರಡು ಪಕ್ಕದ್ದು — ಹೊರಗಿನಿಂದ ಒಳಕ್ಕೆ ಎಳೆಯಬೇಕು. ಒಳಗಿನಿಂದ ಹೊರಕ್ಕೆ ಎಳೆದರೆ ಬಾತುಕೋಳಿ ಕಾಲಾಗುತ್ತದೆ.

ಬರೆಯುವಾಗ ಮಾತಾಡಬೇಕು. ಅದೂ ಅಮ್ಮನದೇ ಪದ್ಧತಿ. ಮೊಟ್ಟೆ ಕೇಳಿಸಿಕೊಳ್ಳುತ್ತದೆ, ಕೂಸಿಗೆ ಮುಟ್ಟಿಸುತ್ತದೆ. ಸಿಹಿ ಮಾತೇ ಆಡಬೇಕು ಅಂತಿಲ್ಲ, ನಿಜ ಆಡಬೇಕು. ಯಾರ ಹತ್ತಿರ ಹುಷಾರಾಗಿರಬೇಕು, ಯಾರು ಬಾಯಿ ಜೋರು ಆದರೆ ಮನಸ್ಸು ಒಳ್ಳೆಯದು, ಎಲ್ಲ ಹೇಳಿದೆ. ಅದರ ಅಪ್ಪನ ವಿಷಯ ಹೇಳಿದೆ. ಸ್ಟೆಫ್ಕಾ ವಿಷಯ ಹೇಳಿದೆ. ಕಣ್ಣಿನ ವಿಷಯವೂ ಹೇಳಿದೆ, ಮೊದಲಿಂದ ಕೊನೆತನಕ. ನೀನು ಬಂದಾಗ ನಿನ್ನ ಕಿವಿ ಎರಡೂ ನೋಡುತ್ತೇನೆ, ಮೂಗು ಯಾರದ್ದು ಅಂತ ಬೇರೆಯವರನ್ನು ಕೇಳುತ್ತೇನೆ ಅಂದೆ. ಹೇಳಿಯಾದ ಮೇಲೆ ಹಗುರ. ಮೊಟ್ಟೆಗೆ ಬಾಯಿಲ್ಲ.

ನಡುವೆ ಪರದೆಯಲ್ಲಿ ಏನೋ ಇಂಗ್ಲಿಷ್ ಅಕ್ಷರ ಬಂತು. ಕ್ಯಾಮೆರಾ ಆರಿಸಿ ಹಚ್ಚಿದೆ, ಹೋಯಿತು. ಆಮೇಲೆ ಗುಂಡಿ ಒತ್ತಿದರೂ ಕೆಂಪು ಚುಕ್ಕೆ ಬರಲಿಲ್ಲ. ಜ್ವರ ಬಿಟ್ಟಿತು ಅಂದುಕೊಂಡೆ.

ಅಲೆ ಸುತ್ತಿ ಬಂತು. ಕೂಡಿಸಲಿಲ್ಲ. ಗೋಧಿ ಕಾಳಿನಷ್ಟು ಜಾಗ ಬಿಟ್ಟೆ. ಕೂಸು ಹುಟ್ಟಿ ಅತ್ತ ಸುದ್ದಿ ಬಂದ ಮೇಲೆಯೇ ಕೂಡಿಸುವುದು. ಕೂಡಿದ ಗೆರೆಗೆ ಬಾಗಿಲಿಲ್ಲ, ಬಾಗಿಲು ಮುಚ್ಚಿದ ಮೇಲೆ ಕೂಸು ಎಲ್ಲಿಂದ ಬರಬೇಕು? ಕೂಡಿಸಿದ ಮೇಲೆಯೇ ಬಣ್ಣ. ಅಲ್ಲಿ ತನಕ ಮೊಟ್ಟೆ ಬಿಳಿ. ನನ್ನ ಬೆನ್ನಿಗೆ ಹುಟ್ಟಿದ ತಮ್ಮನದು ಬಿಳಿಯಾಗೇ ಉಳಿಯಿತು. ಅದನ್ನು ಅವನ ಜೊತೆಗೇ ಮಣ್ಣಿಗಿಟ್ಟರು.

ಮೊಟ್ಟೆ ಅಲಮಾರಿಯಲ್ಲಿದೆ, ಉಪ್ಪಿನ ಬಟ್ಟಲಲ್ಲಿ ನಿಲ್ಲಿಸಿದ್ದೇನೆ. ಓಲ್ಗಾ ಹೇಗೂ ಉಪ್ಪು ಮುಟ್ಟುವುದಿಲ್ಲ.

ಮಾರ್ಚ್ 26, ಭಾನುವಾರ

ಓಲ್ಗಾ ಲಾರಿಸಾಳನ್ನು ನೋಡಲು ಹೋದಳು. ಎಲೆಕೋಸಿನ ಸುರುಳಿ ಒಂದು ಪಾತ್ರೆ ತುಂಬ. ಜೊತೆಗೆ ಕ್ಯಾಮೆರಾದ ಕಾರ್ಡು — ಲಾರಿಸಾ ಫೋನಿನಲ್ಲಿ ಹೇಳಿ ತೆಗೆಸಿದಳಂತೆ, ಕ್ಯಾಲೆಂಡರಿಗೆ.

ಒಯ್ಯಲಿ. ಒಂದು ಫೋಟೋವನ್ನೂ ಹೊಡೆದಿಲ್ಲ. ಏನು ಸಿಗುತ್ತದೆ?

ಮಾರ್ಚ್ 27, ಸೋಮವಾರ

ಬೆಳಿಗ್ಗೆ ಫೋನ್.

"ಅಜ್ಜಿ."

"ಹೇಳೇ. ನೋವು ಶುರುವಾಯ್ತಾ?"

"ಇಲ್ಲ. ಕಾರ್ಡ್ ನೋಡ್ದೆ."

"ಖಾಲಿ ಇರುತ್ತೆ. ಫೋಟೋ ತೆಗೆಯೋಕೆ ಪುರುಸೊತ್ತಾಗ್ಲಿಲ್ಲ."

"ಫೋಟೋ ಒಂದೂ ಇಲ್ಲ. ವಿಡಿಯೋ ಇದೆ. ಕಾರ್ಡ್ ತುಂಬೋ ತನಕ ಇದೆ."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಗುಂಡಿಯ ಸುತ್ತ ಒಂದು ಸಣ್ಣ ಚಿಲಕ ಇದೆಯಂತೆ. ಅದು ವಿಡಿಯೋ ಕಡೆ ಸರಿದಿದೆ, ನಾನು ಒರೆಸುವಾಗಲೇ ಇರಬೇಕು. ಆಮೇಲೆ ಅದೇ ಗುಂಡಿ ಒತ್ತಿದರೆ ಪರದೆ ಹಚ್ಚುವುದಲ್ಲ, ವಿಡಿಯೋ ಹಿಡಿಯುವುದು. ಕೆಂಪು ಚುಕ್ಕೆ ಜ್ವರ ಅಲ್ಲ.

"ಮಾತೂ ಕೇಳುತ್ತಾ?" ಅಂದೆ.

"ಉಸಿರು ಬಿಟ್ಟಿದ್ದೂ ಕೇಳುತ್ತೆ."

ನಾನು ಕುರ್ಚಿ ಎಳೆದು ಕೂತೆ.

"ನನ್ನ ಗಂಡನ್ನ ಒಣಗಿದ ಎಲೆಕೋಸು ಅಂದಿದ್ದೀಯ."

"ಮೊಟ್ಟೆ ಹತ್ರ ನಿಜಾನೇ ಹೇಳ್ಬೇಕು."

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

"ಸುಗ್ಗಿಯಿಂದ, ಅಜ್ಜಿ? ಸುಗ್ಗಿಯಿಂದ ನಿಂಗೆ ಕಾಣ್ತಿಲ್ವಾ?"

"ಅಂಚು ಕಾಣುತ್ತೆ."

"ಅಮ್ಮಂಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಮೊಟ್ಟೆ ಮುಗೀಲಿ."

"ಇವತ್ತು ರಾತ್ರಿ ಊಟಕ್ಕೆ ಮುಂಚೆ. ಇಲ್ದಿದ್ರೆ ಆ ವಿಡಿಯೋನೇ ಅಮ್ಮಂಗೆ ತೋರಿಸ್ತೀನಿ. ಅವಳ ಸಾರಿನ ಬಗ್ಗೆ ಹೇಳಿದ್ದೂ ಇದೆ ಅದ್ರಲ್ಲಿ."

ನನ್ನ ರಕ್ತವೇ. ಸಂಶಯವಿಲ್ಲ.

ಫೋನ್ ಇಡುವ ಮುಂಚೆ ಅಂದಳು, "ಕೋಳಿ ಕಾಲು ಬರೆದು ನೋಡ್ದೆ ಅಜ್ಜಿ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡ್ಕೊಂಡು. ಬರ್ಲಿಲ್ಲ."

"ಬಾತುಕೋಳಿ ಆಗಿರುತ್ತೆ."

"ಆಗಿದೆ." ಮೂಗೆಳೆದಳು. "ಗೆರೆ ಮುಕ್ಕಾಲು ಸುತ್ತಿಗೆ ಬಂದಾಗ ಕಾರ್ಡ್ ತುಂಬೋಗಿದೆ. ಹೇಗೆ ಕೂಡಿಸ್ತೀಯ ಅನ್ನೋದೇ ಇಲ್ಲ."

ಸಣ್ಣವಳಿದ್ದಾಗ ಕೂರಿಸಿ ಕಲಿಸಲು ಹೋದರೆ, ಹೊರಗೆ ಹಿಮದಲ್ಲಿ ಜಾರುವುದಕ್ಕೆ ಓಡುತ್ತಿದ್ದಳು. ಈಗ ಹೊಟ್ಟೆ ಹೊತ್ತು ಕೂತು ಕಲಿಯುತ್ತಿದ್ದಾಳೆ, ಅದೂ ಕಳ್ಳತನದಲ್ಲಿ ಸಿಕ್ಕ ಪಾಠ.

ಅದೇ ದಿನ, ಊಟಕ್ಕೆ ಮುಂಚೆ

ಹೇಳಿದೆ.

"ಮೊಣಕಾಲು, ಅಮ್ಮಾ?" ಅಂದಳು ಓಲ್ಗಾ.

"ಮೊಣಕಾಲು ಚೆನ್ನಾಗಿದೆ."

ನಲ್ಲಿ ಬಿಟ್ಟುಕೊಂಡು ನಿಂತಳು. ತೊಳೆಯುವುದಕ್ಕೆ ತಟ್ಟೆ ಇರಲಿಲ್ಲ. ನೀರು ಸುಮ್ಮನೆ ಹೋಯಿತು. ಆಮೇಲೆ ನನ್ನ ಕಾರಿನ ಕೀಲಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಹಾಕಿದಳು. ನನಗೆ ಕಾಣುವುದಿಲ್ಲ ಅಂದುಕೊಂಡು.

ಏಪ್ರಿಲ್ 9, ಭಾನುವಾರ

ಬಹಳ ದಿನ ಬರೆಯಲಿಲ್ಲ. ಬರೆಯಲು ಬಿಡಲೂ ಇಲ್ಲ.

ಗುರುವಾರ ಸೂಜಿ. ಓಲ್ಗಾ ರಜೆಯನ್ನೆಲ್ಲ ಹೆರಿಗೆಗೆ ಕೂಡಿಟ್ಟಿದ್ದಾಳೆ, ಆದ್ದರಿಂದ ಸ್ಟೆಫ್ಕಾಳ ಕಾರಿನಲ್ಲಿ ಹೋದೆ. ಕಣ್ಣು ಹೋದ ನಾನು ಇಲ್ಲದ ಬ್ರೇಕ್ ಒತ್ತುತ್ತಿದ್ದೆ, ಕಣ್ಣಿದ್ದ ಅವಳು ಇದ್ದದ್ದನ್ನೂ ಒತ್ತಲಿಲ್ಲ.

ಸೂಜಿ ಬರುವುದು ಕಾಣಲಿಲ್ಲ. ಹೊಗೆಯಿಂದ ಆದ ಉಪಕಾರ ಅದೊಂದೇ. ನೋವಿಗಿಂತ ಕಾಯುವುದು ಹೆಚ್ಚು. ಡಾಕ್ಟರ್ ಚಿಕ್ಕ ಹುಡುಗಿ, ಧ್ವನಿ ಮೃದು. "ಎಡಗಣ್ಣು ತಡ ಆಗೋಗಿದೆ. ಬಲಗಣ್ಣಲ್ಲಿ ಈಗ ಇರೋಷ್ಟು ಉಳಿಸ್ಕೋಬಹುದು. ಸ್ವಲ್ಪ ಮುಂಚೆ ಬಂದಿದ್ರೆ..."

"ಬಂದಿಲ್ವಲ್ಲ," ಅಂದೆ. ಅಲ್ಲಿಗೆ ಆ ಮಾತು ಮುಗಿಯಿತು. ಬೇಸಿಗೆಯೆಲ್ಲ ತಿಂಗಳಿಗೊಮ್ಮೆ ಚುಚ್ಚಬೇಕು.

ವಾಪಸ್ ಬರುವಾಗ ಸ್ಟೆಫ್ಕಾ ಅಂದಳು, "ಹೂವಿನ ಕಾಮಾಲೆ ನೋಡಿದಾಗ್ಲೇ ನಂಗೆ ಗೊತ್ತಾಯ್ತು ಬಿಡು."

"ಮತ್ಯಾಕೆ ಬಾಯಿ ಮುಚ್ಕೊಂಡಿದ್ದೆ? ನಿನ್ನ ಬಾಯಿ!"

"ಹೇಳಿದ್ರೆ ಒಪ್ಕೋತಿದ್ಯಾ? ನಮ್ಮಣ್ಣ ಒಪ್ಪಿದ್ನಾ? ವರ್ಷಗಟ್ಟಲೆ ಮುಚ್ಚಿಟ್ಟ ಕಣೇ. ಅವನ ಕಣ್ಣು ಸೂಜಿಯಿಂದ ಹೋಗ್ಲಿಲ್ಲ. ಸೂಜಿ ಹಾಕೋ ಹೊತ್ತಿಗೆ ಅಲ್ಲಿ ಏನೂ ಉಳಿದಿರ್ಲಿಲ್ಲ."

ನಾನು ಕಿಟಕಿ ಕಡೆ ತಿರುಗಿದೆ. ಹೊಲಗಳ ಮೇಲೆ ಹಿಮ ಕರಗಿ ತೇಪೆ ತೇಪೆ. ಅಂಚಿನಲ್ಲಿ ಕಂಡಷ್ಟು.

ಏಪ್ರಿಲ್ 12, ಬುಧವಾರ

ಬಲಗಣ್ಣಿನಲ್ಲಿ ಒಂದು ಕಪ್ಪು ಗುಳ್ಳೆ ತೇಲುತ್ತದೆ. ಸೂಜಿಯದ್ದು, ಹೋಗುತ್ತದಂತೆ. ಪರದೆಯಲ್ಲೂ ಸರಿಯಾಗಿ ಕಾಣುತ್ತಿಲ್ಲ. ಇವತ್ತು ಹಳೇ ಮೊಟ್ಟೆಯ ಮೇಲೆ ಬರೆದು ನೋಡಿದೆ — ಎರಡು ತುದಿ ಕೂಡಿಸಲು ಹೋದರೆ ಒಂದರ ಕೆಳಗೆ ಒಂದು ಹೋಯಿತು. ಮೂರು ಸಲ ಬರೆದೆ. ಮೂರು ಸಲವೂ ತಪ್ಪಿತು. ಮೊಟ್ಟೆಯ ಮೇಲೆ ತಪ್ಪಿದ ಮೇಣ ಕೆರೆದರೂ ಕಲೆ ನಿಲ್ಲುತ್ತದೆ. ಕೂಸಿನದಕ್ಕೆ ಒಂದೇ ಸಲ.

ಓಲ್ಗಾ ಈಗ ಪಕ್ಕದಲ್ಲಿ ಕೂರುತ್ತಾಳೆ, ಬತ್ತಿ ಕಾಯಲು. "ಈಗ್ಲೇ ಕೂಡಿಸಿಬಿಡಮ್ಮ. ದಿನ ಹೋದ ಹಾಗೆ ಹೇಗಿರುತ್ತೋ."

"ಕೂಸು ಅಳ್ದೆ ಆಗಲ್ಲ."

"ಯಾರು ನೋಡ್ತಾರೆ?"

"ನಾನು ನೋಡ್ತೀನಿ," ಅಂದೆ. ಇಬ್ಬರಿಗೂ ನಗು ಬಂತು. ಈ ಮನೆಯಲ್ಲಿ ಉಪವಾಸ ಶುರುವಾದ ಮೇಲೆ ಅದೇ ಮೊದಲು.

ಲಾರಿಸಾ ಕಾರ್ಡ್ ಖಾಲಿ ಮಾಡಿ ಓಲ್ಗಾ ಕೈಯಲ್ಲಿ ವಾಪಸ್ ಕಳಿಸಿದ್ದಾಳೆ. ಓಲ್ಗಾ ಅದನ್ನು ಹಾಕುವಾಗ ಚಿಲಕವನ್ನೂ ಮೊದಲಿನ ಕಡೆಗೆ ಸರಿಸಿಟ್ಟಳು. ಹಳೆಯದೆಲ್ಲ ತನ್ನ ಹತ್ತಿರ ಇಟ್ಟುಕೊಂಡಿದ್ದಾಳಂತೆ. ಏನನ್ನೂ ಅಳಿಸಿಲ್ಲವಂತೆ. ಎಲೆಕೋಸನ್ನೂ.

ಏಪ್ರಿಲ್ 14, ಶುಭ ಶುಕ್ರವಾರ

ಲಾರಿಸಾ ಆಸ್ಪತ್ರೆಗೆ ಸೇರಿದಳು. ಓಲ್ಗಾ ಅರ್ಧ ಹಿಟ್ಟು ನಾದಿದ್ದನ್ನು ಹಾಗೇ ಬಿಟ್ಟು ಓಡಿದಳು. ನಾನು ಮುಗಿಸಿ ಹಬ್ಬದ ರೊಟ್ಟಿ ಬೇಯಿಸಿದೆ. ಹಿಟ್ಟಿಗೆ ಕಣ್ಣು ಬೇಡ.

ಸಂಜೆ ಫೋನ್. ಓಲ್ಗಾ. "ನಿಧಾನ ಆಗ್ತಿದೆ ಅಮ್ಮ. ಕೂಸಿನ ಎದೆಬಡಿತ ಇಳೀತಿದೆ ಅಂತಾರೆ. ನೋಡ್ತಿದ್ದಾರೆ."

"ಏನು ನೋಡ್ತಿದ್ದಾರೆ?"

"ಅಲ್ಲೂ ಒಂದು ಪರದೆ ಇದೆ ಅಮ್ಮಾ. ಅದನ್ನೇ ನೋಡ್ತಾ ಕೂತಿದ್ದೀವಿ."

ಉಪ್ಪಿನ ಬಟ್ಟಲು ಮೇಜಿಗೆ ತಂದಿಟ್ಟೆ. ಬಿಳಿ ಮೊಟ್ಟೆ. ಮುಟ್ಟಲಿಲ್ಲ.

ಏಪ್ರಿಲ್ 15, ಶನಿವಾರ

ಬೆಳಿಗ್ಗೆ. ಫೋನ್ ಇಲ್ಲ. ಹಬ್ಬದ ಬುಟ್ಟಿ ತುಂಬಿದೆ — ರೊಟ್ಟಿ, ಬೆಣ್ಣೆ, ಉಪ್ಪು, ಸಾಸೇಜು, ಕಾಮಾಲೆ ಹೂವಿನ ಮೊಟ್ಟೆ. ಸ್ಟೆಫ್ಕಾ ಬಂದು ಚರ್ಚಿಗೆ, ಪಾದ್ರಿಯ ಆಶೀರ್ವಾದಕ್ಕೆ ಒಯ್ದಳು. ಅದೇ ಮೊಟ್ಟೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು.

"ಕೆಳಗಿಡೇ, ಜನ ನಗ್ತಾರೆ."

"ಹೊಸ ಮಾದರಿ ಅಂತೀನಿ." ಬಾಗಿಲಲ್ಲಿ ನಿಂತಳು. "ಫೋನ್ ಬಂತಾ?"

"ಬಂದ್ರೆ ನಿಂಗೆ ಹೇಳ್ದೆ ಇರ್ತೀನಾ?"

"ಕಣ್ಣಿನ ವಿಷ್ಯ ಹೇಳ್ಲಿಲ್ವಲ್ಲ."

ಹೋದಳು. ನಿಜ ಹೇಳಿ ಬಾಗಿಲು ಮುಚ್ಚಿಕೊಂಡು ಹೋಗುವುದು ನನ್ನ ಪದ್ಧತಿ. ಕದ್ದಿದ್ದಾಳೆ.

ಮಧ್ಯಾಹ್ನ. ಇಲ್ಲ. ಕ್ಯಾಮೆರಾ ಕೂರಿಸಿದೆ. ತಲೆ ಆಚೆ, ಸರಿಯಾಗಿ. ಬ್ಯಾಟರಿ ತುಂಬಿದೆ. ಮೊಟ್ಟೆಯನ್ನು ಲೆನ್ಸಿನ ಕೆಳಗಿಟ್ಟು ಪರದೆ ನೋಡಿದೆ. ಗುಳ್ಳೆ ಸಣ್ಣದಾಗಿದೆ. ತಲೆ ಎಡಕ್ಕೆ ವಾಲಿಸಿದರೆ ಅದೂ ಪಕ್ಕಕ್ಕೆ ಹೋಗುತ್ತದೆ. ಗೆರೆಯ ಎರಡು ತುದಿಯೂ ಕಾಣುತ್ತವೆ. ನಡುವೆ ಬಿಳಿ. ಪರದೆ ಆರಿಸಿದೆ. ಬ್ಯಾಟರಿ ಉಳಿಯಲಿ. ತಮ್ಮನ ಮೊಟ್ಟೆ ಇಷ್ಟೇ ಬಿಳಿ ಇತ್ತು.

ಫೋನ್ ಬಂತು.

ಓಲ್ಗಾ. ನಾನು ಒಂದೇ ಕೇಳಿದೆ. "ಅತ್ತಿತಾ?"

"ಕೇಳಿಸ್ಕೋ," ಅಂದಳು.

ಕೇಳಿದೆ. ಹೆಣ್ಣು. ಗಂಟಲು ನಮ್ಮ ಕಡೆಯದೇ. ಲಾರಿಸಾ ಫೋನ್ ಇಸಿದುಕೊಂಡಳು, ಮಾತಾಡಲು ತ್ರಾಣವಿಲ್ಲ, ಆದರೂ — "ಅಜ್ಜಿ... ಚಿಲಕ ಸರಿಸೋದು ಮರೀಬೇಡ."

ಸರಿಸಿದೆ. ಬೆರಳಿನಲ್ಲಿ ಹುಡುಕಿ, ಈ ಸಲ ಬೇಕಂತಲೇ. ಬತ್ತಿ ಹಚ್ಚಿದೆ. ಗುಂಡಿ ಒತ್ತಿದೆ. ಮೂಲೆಯಲ್ಲಿ ಕೆಂಪು ಚುಕ್ಕೆ ಬಂತು, ಚೆನ್ನಾಗಿ ಕಾಣುತ್ತಿದೆ. ಕೂಸಿಗೆ ಏನು ಹೇಳಬೇಕು ಅಂತ ಯೋಚಿಸಿಟ್ಟಿದ್ದೆ, ಈಗ ಒಂದೂ ನೆನಪಿಲ್ಲ. ಸುಮ್ಮನೆ ತೋರಿಸುತ್ತೇನೆ. ಮೇಣ ಕರಗಿದೆ, ಮೂತಿ ಕಾದಿದೆ, ಪೆನ್ನು ಕೆಳಗಿಡಬೇಕು. ಮೊದಲು ಎಡ ತುದಿಯ ಮೇಲೆ ಕಡ್ಡಿ ನಿಲ್ಲಿಸಿ, ಆಮೇಲೆ ಮೊಟ್ಟೆಯನ್ನು ನಿಧಾನಕ್ಕೆ ನನ್ನ ಕಡೆ ತಿರುಗಿಸಿ, ಗೆರೆ ಕೂಡುವ ತನಕ...